ನೀರಾವರಿಯೂ ವಿಹಾರವೂ: ಮಂಡ್ಯ ಸೀಮೆಯ ಪ್ರೇಕ್ಷಣೀಯ ಸ್ಥಳಗಳ ಚರಿತ್ರೆ

1

ರಾಜಧಾನಿಗಳ ಚರಿತ್ರೆ, ದೇವಾಲಯಗಳ ಚರಿತ್ರೆ, ಯುದ್ಧಗಳ ಚರಿತ್ರೆ ಇವುಗಳಿಗೆ ನಮ್ಮಲ್ಲಿ ದೊರೆತಿರುವಷ್ಟು ಗಮನವು ಸಾಮಾನ್ಯ ಕುಟುಂಬಗಳ ವಿರಾಮದ ಚರಿತ್ರೆಗೆ ದೊರೆತಿಲ್ಲ. ಬೇಸಾಯದಿಂದ ಬದುಕುವ ಒಂದು ಸೀಮೆಯ ಜನ ವರ್ಷದಲ್ಲಿ ಯಾವಾಗ ಬಿಡುವು ಪಡೆಯುತ್ತಿದ್ದರು, ಹೆಂಡಿರು ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಿದ್ದರು, ಅಲ್ಲಿ ಏನನ್ನು ನೋಡುತ್ತಿದ್ದರು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ಒಂದು ಸಮಾಜವು ಯಾವುದನ್ನು ನೋಡತಕ್ಕದ್ದೆಂದು ಎಣಿಸುತ್ತದೆಯೋ ಅದರಿಂದ ಆ ಸಮಾಜದ ಸ್ವರೂಪವೂ ತಿಳಿದುಬರುತ್ತದೆ.

ಈ ದೃಷ್ಟಿಯಿಂದ ಪರಿಶೀಲಿಸಲು ಮಂಡ್ಯ ಸೀಮೆಯಷ್ಟು ಅನುಕೂಲವಾದ ಪ್ರದೇಶ ಬೇರೊಂದಿಲ್ಲ. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದು 1939ರಲ್ಲಿ. ಅದಕ್ಕೆ ಮೊದಲು ಅದು ಮೈಸೂರು ಜಿಲ್ಲೆಯ ಭಾಗವಾಗಿತ್ತು. ಬತ್ತ, ರಾಗಿ, ಕಬ್ಬುಗಳೇ ಮುಖ್ಯವಾದ ಈ ನಾಡಿಗೆ ಬೆಂಗಳೂರು, ಮೈಸೂರುಗಳಿಂದ ಸಾವಿರಾರು ಕುಟುಂಬಗಳು ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುತ್ತವೆ. ಕೃಷ್ಣರಾಜಸಾಗರ, ಬೃಂದಾವನ, ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ, ಶಿವನಸಮುದ್ರ, ಕೊಕ್ಕರೆಬೆಳ್ಳೂರು ಇವುಗಳ ಹೆಸರನ್ನು ಕೇಳದ ಕನ್ನಡಿಗನು ವಿರಳ. ಈ ಸ್ಥಳಗಳಲ್ಲಿ ಹೆಚ್ಚಿನವು ನೋಡುವವರಿಗಾಗಿ ಹುಟ್ಟಿದವಲ್ಲ, ನೀರನ್ನು ಗದ್ದೆಗೆ ತಿರುಗಿಸುವ ಕೆಲಸದಿಂದ ಹುಟ್ಟಿದವು, ಅಥವಾ ಆ ಕೆಲಸದ ಆಶ್ರಯದಲ್ಲಿ ಉಳಿದವು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಸಂಬಂಧವನ್ನು ಮರೆತರೆ ಆಗುವ ನಷ್ಟವೇನೆಂಬುದನ್ನೂ ಕೊನೆಯಲ್ಲಿ ಸೂಚಿಸಲಾಗಿದೆ.

2

ಮೊದಲು ಹಳೆಯ ವ್ಯವಸ್ಥೆಯನ್ನು ನೋಡೋಣ. ರೈಲು, ಮೋಟಾರುಗಳಿಲ್ಲದ ಕಾಲದಲ್ಲಿ ಒಂದು ದಿನದ ಸಂಚಾರದ ಎಲ್ಲೆಯನ್ನು ಎತ್ತಿನ ಗಾಡಿಯೇ ನಿರ್ಣಯಿಸುತ್ತಿತ್ತು. ಎತ್ತುಗಳು ನಡೆದು, ನೀರು ಕುಡಿದು, ಮೇವು ತಿಂದು, ಮರಳಿ ಮನೆ ಸೇರಬಹುದಾದಷ್ಟೇ ದೂರಕ್ಕೆ ಕುಟುಂಬದ ವಿಹಾರವೂ ಸೀಮಿತವಾಗಿತ್ತು. ಕಾಲದ ನಿರ್ಬಂಧವಾದರೋ ಇದಕ್ಕಿಂತಲೂ ಕಟ್ಟುನಿಟ್ಟಾದುದು. ನಾಟಿ, ಕಳೆ, ಕುಯ್ಲುಗಳ ದಿನಗಳಲ್ಲಿ ಒಕ್ಕಲಿನ ಮನೆಯಿಂದ ಒಬ್ಬರೂ ಕದಲುವಂತಿರಲಿಲ್ಲ. ಒಕ್ಕಣೆ ಮುಗಿದು ಕಾಳು ಕಣಜ ಸೇರಿದ ಮೇಲೆಯೇ ಬಿಡುವು.

ಈ ಸೀಮೆಯ ದೊಡ್ಡ ಜಾತ್ರೆಗಳು ಬರುವ ಕಾಲವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಶ್ರೀರಂಗಪಟ್ಟಣದ ಶ್ರೀರಂಗನಾಥಸ್ವಾಮಿಯ ರಥೋತ್ಸವವು ಮಾಘ ಮಾಸದ ರಥಸಪ್ತಮಿಯಂದು. ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ವೈರಮುಡಿ ಉತ್ಸವವು ಫಾಲ್ಗುಣದಲ್ಲಿ. ಎರಡೂ ಸಂಕ್ರಾಂತಿಯ ಸುಗ್ಗಿಗೂ ಮುಂಗಾರಿನ ಉಳುಮೆಗೂ ನಡುವಣ ಅವಧಿಯಲ್ಲಿ ಬರುತ್ತವೆ. ಉತ್ಸವಗಳ ತಿಥಿಗಳನ್ನು ಶಾಸ್ತ್ರವು ಗೊತ್ತುಪಡಿಸಿದೆಯೆಂಬುದು ನಿಜ. ಆದರೆ ವರ್ಷದಲ್ಲಿ ನಡೆಯುವ ಹಲವು ಉತ್ಸವಗಳ ಪೈಕಿ ಯಾವುದು ಸುತ್ತಣ ಹಳ್ಳಿಗಳ ಜನರ ದೊಡ್ಡ ಜಾತ್ರೆಯಾಗಿ ಬೆಳೆಯಿತು ಎಂಬುದರಲ್ಲಿ ಹೊಲಗದ್ದೆಗಳ ಪಂಚಾಂಗಕ್ಕೂ ಪಾತ್ರವಿದೆಯೆಂದು ಊಹಿಸಲು ಅವಕಾಶವಿದೆ.

ಜಾತ್ರೆಯೆಂದರೆ ಕೇವಲ ದೇವರ ದರ್ಶನವಲ್ಲ. ದನಗಳ ವ್ಯಾಪಾರ, ಬೇಸಾಯದ ಸಾಮಾನುಗಳ ಖರೀದಿ, ಬಳೆಗಾರನ ಅಂಗಡಿ, ಮಕ್ಕಳಿಗೆ ಬೆಂಡು ಬತ್ತಾಸು, ನೆಂಟರ ಭೇಟಿ, ಹೆಣ್ಣು ಗಂಡು ನೋಡುವ ಮಾತು ಇವೆಲ್ಲವೂ ಅಲ್ಲಿಯೇ ನಡೆಯುತ್ತಿದ್ದವು. ಮೇಲುಕೋಟೆಯ ಕಲ್ಯಾಣಿಯಲ್ಲಿ ಮಿಂದು, ಬೆಟ್ಟದ ಮೇಲಿನ ಯೋಗನರಸಿಂಹನ ಗುಡಿಗೆ ಮೆಟ್ಟಲು ಹತ್ತಿ, ಪುಳಿಯೋಗರೆಯ ಪ್ರಸಾದ ತಿಂದು ಇಳಿಯುವ ಕುಟುಂಬಕ್ಕೆ ಭಕ್ತಿಯೂ ವಿನೋದವೂ ಬೇರೆಬೇರೆಯಾಗಿ ತೋರಿರಲಾರವು. ಹನ್ನೆರಡನೆಯ ಶತಮಾನದಲ್ಲಿ ಶ್ರೀರಾಮಾನುಜಾಚಾರ್ಯರ ವಾಸದಿಂದ ಪ್ರಸಿದ್ಧಿಗೆ ಬಂದ ಈ ಕ್ಷೇತ್ರದ ಸಮೀಪದಲ್ಲಿಯೇ ತೊಣ್ಣೂರು ಕೆರೆಯಿದೆ. ಬೆಟ್ಟಗಳ ನಡುವಣ ಕಣಿವೆಗೆ ಏರಿ ಹಾಕಿ ನಿರ್ಮಿಸಿದ ಈ ಕೆರೆಯ ತಿಳಿನೀರು ಇಂದಿಗೂ ನೋಡುವವರನ್ನು ಆಕರ್ಷಿಸುತ್ತದೆ. ಆದರೆ ಅದರ ಏರಿಯನ್ನು ಹಾಕಿದವರ ಮನಸ್ಸಿನಲ್ಲಿ ಇದ್ದುದು ಕೆಳಗಣ ಗದ್ದೆಗಳೇ ಹೊರತು ಮೇಲಣ ನೋಟವಲ್ಲ.

3

ಕಾವೇರಿಯ ಕಾಲುವೆಗಳ ಚರಿತ್ರೆಯಲ್ಲಿ ಹದಿನೇಳನೆಯ ಶತಮಾನವು ಮುಖ್ಯವಾದ ಘಟ್ಟ. ಕಂಠೀರವ ನರಸರಾಜ ಒಡೆಯರ (1638-1659) ಕಾಲದಲ್ಲಿ ಶ್ರೀರಂಗಪಟ್ಟಣದ ಮೇಲುಗಡೆ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಿ, ಬಂಗಾರದೊಡ್ಡಿ ನಾಲೆಯನ್ನು ತೆಗೆದು, ನದಿಯ ಒಂದು ಕವಲಿನ ಮೇಲೆ ಮೇಲ್ಗಾಲುವೆಯ ಮೂಲಕ ದ್ವೀಪದೊಳಕ್ಕೆ ನೀರನ್ನು ಹಾಯಿಸಲಾಯಿತು. ಮುಂದೆ ಚಿಕ್ಕದೇವರಾಜ ಒಡೆಯರ (1673-1704) ಹೆಸರಿನ ನಾಲೆಯು ಬಯಲಿನ ಹಳ್ಳಿಗಳಿಗೆ ನೀರೊದಗಿಸಿತು. ಈ ಅಣೆಕಟ್ಟೆಗಳು ದೊಡ್ಡ ಜಲಾಶಯಗಳಲ್ಲ. ನದಿಯ ನೀರನ್ನು ಸ್ವಲ್ಪ ಎತ್ತರಿಸಿ ಕಾಲುವೆಯ ಬಾಯಿಗೆ ತಿರುಗಿಸುವ ಒಡ್ಡುಗಳು ಮಾತ್ರ.

ಇಂಥ ಒಡ್ಡಿನ ಹಿಂದೆ ನೀರು ನಿಂತಾಗ ನದಿಯ ಪಾತ್ರದಲ್ಲಿದ್ದ ದಿಬ್ಬಗಳು ನಡುಗಡ್ಡೆಗಳಾದವು. ಅವುಗಳ ಮೇಲೆ ಮರಗಿಡಗಳು ದಟ್ಟವಾಗಿ ಬೆಳೆದವು. ಸುತ್ತ ನೀರಿದ್ದುದರಿಂದ ನೆಲದ ಮೃಗಗಳ ಕಾಟವಿಲ್ಲದೆ ಹಕ್ಕಿಗಳು ಗೂಡುಕಟ್ಟಿದವು. ಇದೇ ಇಂದಿನ ರಂಗನತಿಟ್ಟು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೀಲಿಸಲು ಬಂದಾಗ ಇದರ ಮಹತ್ತ್ವವನ್ನು ಅರಿತು ಅರಸರಿಗೆ ಸಲಹೆಮಾಡಿದುದರ ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್‌ಸರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೂ ಸೇರಿತು.

ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಇವುಗಳನ್ನು ನೋಡಿ ಸಂತೋಷಪಡುವ ಮಕ್ಕಳಿಗೆ ಇದು ಅಪ್ಪಟ ಪ್ರಕೃತಿಯೆಂದೇ ತೋರುತ್ತದೆ. ವಾಸ್ತವವಾಗಿ ಇದು ಮನುಷ್ಯನು ನಾಲೆಗಾಗಿ ಹಾಕಿದ ಒಡ್ಡಿನ ಅನಿರೀಕ್ಷಿತ ಫಲ. ಬತ್ತದ ಗದ್ದೆಗೂ ಕೊಕ್ಕರೆಯ ಗೂಡಿಗೂ ಒಂದೇ ಕಟ್ಟೆ ಆಧಾರವಾಯಿತು. ಈ ಅಧೀನತೆಗೆ ಇನ್ನೊಂದು ಮುಖವೂ ಇದೆ. ಮೇಲುಗಡೆಯ ಜಲಾಶಯದಿಂದ ಮಳೆಗಾಲದಲ್ಲಿ ಹೆಚ್ಚು ನೀರು ಬಿಟ್ಟಾಗ ನಡುಗಡ್ಡೆಗಳು ಮುಳುಗಿ, ದೋಣಿವಿಹಾರ ನಿಂತು, ಗೂಡುಗಳಿಗೂ ದಡಗಳಿಗೂ ಹಾನಿಯಾಗುವುದುಂಟು.

4

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಂದಾಗ ಎರಡು ಹೊಸ ಸಂಗತಿಗಳು ಎದುರಾಗುತ್ತವೆ. ಮೊದಲನೆಯದು ರೈಲು. 1876-78ರ ಮಹಾಕ್ಷಾಮದ ಬೆನ್ನಿಗೇ ನಿರ್ಮಿತವಾದ ಬೆಂಗಳೂರು-ಮೈಸೂರು ಮಾರ್ಗವು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೂಲಕ ಹಾದುಹೋಗಿ, ಈ ಸೀಮೆಯನ್ನು ಎರಡು ನಗರಗಳ ಒಂದು ದಿನದ ಅಳತೆಯೊಳಕ್ಕೆ ತಂದಿತು. ಎರಡನೆಯದು ವಿದ್ಯುಚ್ಛಕ್ತಿ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಗಗನಚುಕ್ಕಿ, ಭರಚುಕ್ಕಿಗಳ ಭೋರ್ಗರೆತವು ಅಂದಿನಿಂದ ಲೆಕ್ಕಕ್ಕೆ ಸಿಕ್ಕುವ ಶಕ್ತಿಯಾಯಿತು. ಬೇಸಗೆಯಲ್ಲಿ ನದಿ ಸೊರಗಿದಾಗ ವಿದ್ಯುದುತ್ಪಾದನೆ ಕುಗ್ಗುತ್ತಿದ್ದುದರಿಂದ, ಮೇಲುಗಡೆ ನೀರನ್ನು ಕೂಡಿಡುವ ಜಲಾಶಯ ಬೇಕೆಂಬ ಒತ್ತಾಯ ಬಲವಾಯಿತು. ಗಣಿಗೆ ಶಕ್ತಿ, ಗದ್ದೆಗೆ ನೀರು ಎಂಬ ಈ ಎರಡು ಪ್ರಯೋಜನಗಳಿಂದ ಹುಟ್ಟಿದುದೇ ಕೃಷ್ಣರಾಜಸಾಗರ.

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವೆಡೆಗೆ ಕೆಳಗೆ, ಕನ್ನಂಬಾಡಿಯ ಬಳಿ, 1911ರಲ್ಲಿ ಕೆಲಸ ಆರಂಭವಾಯಿತು. ಆಗ ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಸಿಮೆಂಟನ್ನು ಬಳಸದೆ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದ ಈ ಕಲ್ಲಿನ ಕಟ್ಟೆಯು 1931ರ ಸುಮಾರಿಗೆ ಪೂರ್ಣವಾಯಿತು. ಇದರಲ್ಲಿ 49 ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು ನೀರು ನಿಲ್ಲುತ್ತದೆ. ಮೊದಲು ಇರ್ವಿನ್ ನಾಲೆಯೆಂದು ಹೆಸರಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲ್ಪಟ್ಟ ಕಾಲುವೆಯು ಹುಲಿಕೆರೆಯ ಬಳಿ ಸುರಂಗದಲ್ಲಿ ಗುಡ್ಡವನ್ನು ದಾಟಿ ಮಂಡ್ಯದ ಒಣಬಯಲಿಗೆ ಇಳಿಯಿತು.

ಕಟ್ಟೆಯ ಕೆಲಸ ನಡೆಯುತ್ತಿದ್ದಾಗ ಅಲ್ಲಿ ದೊರೆತ ಟೀಪು ಸುಲ್ತಾನನ ಪಾರಸಿ ಶಾಸನವೊಂದನ್ನು ಇಲ್ಲಿ ನೆನೆಯಬೇಕು. 1794ರ ಸುಮಾರಿನ ಈ ಶಾಸನವು ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಕಟ್ಟೆಯೊಂದರ ತಳಹದಿ ಹಾಕಿದುದನ್ನು ತಿಳಿಸುವುದಲ್ಲದೆ, ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಭಾಗವನ್ನು ಬಿಟ್ಟುಕೊಡುವುದಾಗಿಯೂ ಹೇಳುತ್ತದೆ. ಈ ಶಾಸನವನ್ನು ಕಟ್ಟೆಯ ಪ್ರವೇಶದ ಬಳಿ ಇರಿಸಲಾಯಿತು. ಪ್ರೇಕ್ಷಕರು ದಾಟಿಹೋಗುವ ಈ ಕಲ್ಲಿನಲ್ಲಿಯೇ ಆ ಸ್ಥಳದ ಉದ್ದೇಶವು ಬರೆದಿದೆ.

ಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ, 1927 ಮತ್ತು 1932ರ ನಡುವೆ ಬೃಂದಾವನ ಉದ್ಯಾನವು ಸಿದ್ಧವಾಯಿತು. ಕಾಶ್ಮೀರದ ಮೊಗಲರ ಉದ್ಯಾನಗಳಂತೆ ಮೆಟ್ಟಲು ಮೆಟ್ಟಲಾಗಿ ಇಳಿಯುವ ಹಾಸುಗಳು, ನಡುವೆ ಹರಿಯುವ ಕಾಲುವೆ, ಕಾರಂಜಿಗಳು, ಸಂಜೆಯ ಬಣ್ಣದ ದೀಪಗಳು ಇದರ ವೈಶಿಷ್ಟ್ಯ. ಈ ಸೀಮೆಯಲ್ಲಿ ಕೇವಲ ನೋಡುವುದಕ್ಕಾಗಿಯೇ, ಅದೂ ಸರ್ವಜನರಿಗಾಗಿ, ನಿರ್ಮಿತವಾದ ಮೊದಲ ದೊಡ್ಡ ಸ್ಥಳವೆಂದು ಇದನ್ನು ಪರಿಗಣಿಸಬಹುದು. 1784ರ ದರಿಯಾ ದೌಲತ್ ಬಾಗ್ ಅರಮನೆಯ ತೋಟವಾಗಿತ್ತು. ಬೃಂದಾವನವು ಪ್ರಜೆಗಳ ತೋಟವಾಯಿತು. ಆದರೂ ಇಲ್ಲಿ ಪ್ರದರ್ಶಿತವಾದುದು ಏನೆಂದು ಯೋಚಿಸಿದರೆ, ಸಂಸ್ಥಾನದ ಎರಡು ಹೊಸ ಸಾಧನೆಗಳಾದ ಕಟ್ಟಿಹಾಕಿದ ನೀರು ಮತ್ತು ವಿದ್ಯುದ್ದೀಪ ಇವೇ ಎಂಬುದು ಗೊತ್ತಾಗುತ್ತದೆ. ಮನೆಯಲ್ಲಿ ಹರಳೆಣ್ಣೆಯ ದೀಪ ಹಚ್ಚುತ್ತಿದ್ದ ಕುಟುಂಬಕ್ಕೆ ಬಣ್ಣದ ಕಾರಂಜಿಯು ಆಧುನಿಕ ಯುಗದ ಪ್ರಥಮ ಪಾಠವಾಗಿದ್ದಿರಬೇಕು.

ಇದಕ್ಕೆ ತೆತ್ತ ಬೆಲೆಯನ್ನು ಮಾತ್ರ ಉದ್ಯಾನವು ತೋರಿಸುವುದಿಲ್ಲ. ಜಲಾಶಯದಲ್ಲಿ ಕನ್ನಂಬಾಡಿಯೂ ಇತರ ಅನೇಕ ಗ್ರಾಮಗಳೂ ಮುಳುಗಿದವು. ಅಲ್ಲಿನ ಒಕ್ಕಲುಗಳು ಮನೆ, ಹೊಲ, ಗುಡಿಗಳನ್ನು ಬಿಟ್ಟು ಬೇರೆಡೆ ನೆಲೆಸಿದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವು ನೀರಿನಡಿ ಸೇರಿ, ಬರಗಾಲದ ವರ್ಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. 21ನೆಯ ಶತಮಾನದ ಆರಂಭದಲ್ಲಿ ಖಾಸಗಿ ಪ್ರತಿಷ್ಠಾನವೊಂದು ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ಬಳಿ, ಹಿನ್ನೀರಿನ ದಡದ ಮೇಲೆ, ಮತ್ತೆ ಕಟ್ಟಿಸಿತು. ಈಗ ಅದೂ ಕುಟುಂಬಗಳು ಸಂಜೆ ಕಳೆಯಲು ಹೋಗುವ ಸ್ಥಳವಾಗಿದೆ. ಮುಳುಗಿದ ಊರಿನ ದೇವರು ಪ್ರೇಕ್ಷಣೀಯನಾದನು. ಮುಳುಗಿದ ಊರುಗಳ ಚರಿತ್ರೆ ಮಾತ್ರ ಇನ್ನೂ ವಿವರವಾಗಿ ಬರೆಯಲ್ಪಡಬೇಕಾಗಿದೆ.

5

ನಾಲೆಯು ಬಂದುದರಿಂದ ಬೇಸಾಯದ ಸ್ವರೂಪವೇ ಮಾರ್ಪಟ್ಟಿತು. ಕಬ್ಬು ಹರಡಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಂಪನಿ ಸ್ಥಾಪಿತವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಹೆಸರು ಈ ಕಾರ್ಯದೊಡನೆ ಸೇರಿಕೊಂಡಿದೆ. ಸಣ್ಣ ಊರಾಗಿದ್ದ ಮಂಡ್ಯವು ಪೇಟೆಯಾಗಿ, ಹಳ್ಳಿಯ ಕುಟುಂಬಗಳು ಸಂತೆ, ಸಿನಿಮಾ, ಹೋಟೆಲುಗಳಿಗಾಗಿ ಒಂದು ದಿನ ಬಂದುಹೋಗುವ ಸ್ಥಳವಾಯಿತು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನರು 1950ರ ದಶಕದ ಮಧ್ಯದಲ್ಲಿ ಈ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನಮಾಡಿ 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಹಳ್ಳಿಯವರು ಬೇಸಾಯದಲ್ಲಿಯೇ ಮಗ್ನರಾಗಿ ಹಳೆಯ ಕಟ್ಟಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡರು. ಒಣಹಳ್ಳಿಯವರು ಕೂಲಿ, ವ್ಯಾಪಾರ, ಉದ್ಯೋಗಗಳನ್ನು ಅರಸಿ ಹೊರಗೆ ಹೊರಟು ಹೆಚ್ಚು ಬದಲಾದರು ಎಂಬುದು ಅವರ ನಿರ್ಣಯ. ನೀರು ತನ್ನ ಬಳಿಯವರನ್ನು ಊರಲ್ಲಿ ನಿಲ್ಲಿಸಿತು, ದೂರದವರನ್ನು ಪೇಟೆಗೆ ಕಳುಹಿಸಿತು ಎಂದು ಇದನ್ನು ಸಂಗ್ರಹವಾಗಿ ಹೇಳಬಹುದು.

ಕಬ್ಬಿನೊಡನೆ ಆಲೆಮನೆಗಳೂ ಹೆಚ್ಚಿದವು. ಗಾಣದಿಂದ ಹರಿಯುವ ಕಬ್ಬಿನ ಹಾಲು, ಕೊಪ್ಪರಿಗೆಯಲ್ಲಿ ಕುದಿಯುವ ಪಾಕ, ಒಣಗಿದ ಸಿಪ್ಪೆಯ ಉರಿ, ಅಚ್ಚಿಗೆ ಸುರಿಯುವ ಬಿಸಿಬೆಲ್ಲ ಇವುಗಳನ್ನು ನೋಡಲು ನಗರದ ಕುಟುಂಬಗಳು ದಾರಿಯಲ್ಲಿ ಇಳಿಯುತ್ತವೆ. ಮಕ್ಕಳ ಕೈಗೆ ಬಿಸಿಬೆಲ್ಲದ ತುಣುಕು ಸಿಕ್ಕುತ್ತದೆ. ಈ ಸ್ಥಳದ ವಿಶೇಷವೆಂದರೆ, ಇಲ್ಲಿ ಪ್ರೇಕ್ಷಕನಿಗಾಗಿ ಏನೂ ನಡೆಯುವುದಿಲ್ಲ. ಪಾಕದ ಹದ ತಪ್ಪಿದರೆ ಒಂದು ಕೊಪ್ಪರಿಗೆಯ ಬೆಲ್ಲವೇ ಕೆಡುವುದರಿಂದ, ಬೆಲ್ಲ ತೆಗೆಯುವವನು ಬಂದವರನ್ನು ನೋಡುತ್ತ ನಿಲ್ಲಲಾರನು.

ಇಂಥದೇ ಇನ್ನೊಂದು ನಿದರ್ಶನ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಶಿಂಷಾ ನದಿಗೆ ಸಮೀಪದಲ್ಲಿರುವ ಈ ಹಳ್ಳಿಯ ಹುಣಸೆ, ಅರಳಿ ಮೊದಲಾದ ಮರಗಳ ಮೇಲೆ, ಮನೆಗಳ ಹಿತ್ತಲಲ್ಲಿಯೇ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದ ಕೊನೆಗೆ ಬಂದು ಗೂಡುಕಟ್ಟಿ, ಮರಿಮಾಡಿ, ಮುಂಗಾರಿನ ಹೊತ್ತಿಗೆ ಮರಳುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಇವುಗಳನ್ನು ಊರಿನವರು ಕಾಣುತ್ತಾರೆ. ಈ ಭಾವನೆಯ ಜೊತೆಗೆ ಬೇಸಾಯದ ವಿವೇಕವೂ ಇದೆ: ಮರಗಳ ಕೆಳಗೆ ಬಿದ್ದ ಹಿಕ್ಕೆಯು ಹೊಲಕ್ಕೆ ಒಳ್ಳೆಯ ಗೊಬ್ಬರ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಗೂಡುದಾಣವನ್ನು ವಿದ್ವತ್ಲೋಕದ ಗಮನಕ್ಕೆ ತಂದರು. ಗೂಡುಗಳಿರುವ ಮರದ ಹುಣಸೆಯನ್ನು ಉದುರಿಸದೆ ಬಿಟ್ಟ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿಯೂ ಆಮೇಲೆ ಬಂದಿತು. 2007ರಲ್ಲಿ ಇದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಇಲ್ಲಿ ಬೇಲಿಯಿಲ್ಲ, ಜನವಸತಿಯೇ ಹಕ್ಕಿಗಳಿಗೆ ರಕ್ಷೆ.

6

ಮೇಲಣ ನಿದರ್ಶನಗಳಿಂದ ಏನು ಸಿದ್ಧವಾಗುತ್ತದೆ? ಈ ಸೀಮೆಯ ಪ್ರೇಕ್ಷಣೀಯ ಸ್ಥಳಗಳನ್ನು ಪ್ರಾಚೀನ, ಆಧುನಿಕ, ನೈಸರ್ಗಿಕ ಎಂದು ವಿಭಾಗಿಸುವ ವಾಡಿಕೆಯು ಅವುಗಳ ನಿಜವಾದ ಸಂಬಂಧವನ್ನು ಮರೆಮಾಡುತ್ತದೆ. ಜಾತ್ರೆಗೆ ಬಿಡುವು ಕೊಟ್ಟುದು ಗದ್ದೆ; ಪಕ್ಷಿಗಳಿಗೆ ನಡುಗಡ್ಡೆ ಕೊಟ್ಟುದು ನಾಲೆಯ ಒಡ್ಡು; ಉದ್ಯಾನಕ್ಕೆ ನೀರು ಕೊಟ್ಟುದು ಜಲಾಶಯ; ಆಲೆಮನೆಗೆ ಕಬ್ಬು ಕೊಟ್ಟುದು ಕಾಲುವೆ. ಇವು ಒಂದೇ ನೀರಿನ ದಾರಿಯಲ್ಲಿರುವ ಬೇರೆಬೇರೆ ನಿಲ್ದಾಣಗಳು.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಶ್ರೀರಂಗಪಟ್ಟಣವು ರಾಜಧಾನಿಯಾಗಿ, 1799ರ ಯುದ್ಧದಿಂದಾಗಿ ಪ್ರಸಿದ್ಧವಾಯಿತು; ಮೇಲುಕೋಟೆಯು ಧರ್ಮಕ್ಷೇತ್ರವಾಗಿ ಪ್ರಸಿದ್ಧವಾಯಿತು; ಅವನ್ನು ನೀರಾವರಿಗೆ ಗಂಟುಹಾಕುವುದು ಬಲವಂತವಾಗದೆ? ಆ ಸ್ಥಳಗಳ ಉಗಮವನ್ನು ನೀರಾವರಿಯಿಂದ ವಿವರಿಸಲಾಗದೆಂಬುದನ್ನು ಒಪ್ಪಬೇಕು. ಆದರೆ ದ್ವೀಪದೊಳಕ್ಕೆ ನಾಲೆಯ ನೀರು ಬಾರದಿದ್ದರೆ ಶ್ರೀರಂಗಪಟ್ಟಣದ ತೋಟಗಳು ಹೇಗಿರುತ್ತಿದ್ದವು, ಸುತ್ತಣ ಒಕ್ಕಲುಗಳ ಬೆಳೆಯಿಲ್ಲದಿದ್ದರೆ ಬೆಟ್ಟದ ಮೇಲಣ ಜಾತ್ರೆಯು ಹೇಗೆ ನಡೆಯುತ್ತಿತ್ತು ಎಂದು ಕೇಳಿದಾಗ ಆಕ್ಷೇಪದ ಬಲ ಕುಗ್ಗುತ್ತದೆ.

ಈ ಸಂಬಂಧವು ಕೇವಲ ಗತಕಾಲದ್ದಲ್ಲ. ಜಲಾಶಯವು 124.80 ಅಡಿಗಳ ಪೂರ್ಣಮಟ್ಟವನ್ನು ಮುಟ್ಟಿ, ಸರ್ಕಾರದ ಪರವಾಗಿ ಬಾಗಿನ ಅರ್ಪಿತವಾದ ವರ್ಷದಲ್ಲಿ ರೈತನ ಮನೆಯಲ್ಲಿಯೂ ಪ್ರವಾಸಿಗಳ ದಾರಿಯಲ್ಲಿಯೂ ಸಂಭ್ರಮವಿರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಚಳವಳಿ ತೀವ್ರವಾದಾಗ ಬೃಂದಾವನಕ್ಕೆ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಗದ್ದೆಗೆ ನೀರಿಲ್ಲವೆಂಬ ಕೂಗು ಎದ್ದ ದಿನಗಳಲ್ಲಿ ಕಾರಂಜಿಗೆ ಮಾತ್ರ ನೀರು ಚಿಮ್ಮುವುದನ್ನು ಯಾವ ಒಕ್ಕಲಿಗನೂ ಸಹಿಸಲಾರನು. ಆದುದರಿಂದ ಪ್ರವಾಸದ ಅಭಿವೃದ್ಧಿಗಾಗಿ ಹಾಕುವ ಯಾವ ಯೋಜನೆಯಾದರೂ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ಅದರಿಂದ ಕೆಳಗಣ ಅಚ್ಚುಕಟ್ಟಿಗೆ ಏನಾಗುತ್ತದೆ ಎಂಬುದು. ಬೇಸಾಯವು ಕ್ಷೀಣಿಸಿ ನೋಟ ಮಾತ್ರ ಉಳಿಯುವುದೆಂಬ ನಿರೀಕ್ಷೆಗೆ ಈ ಸೀಮೆಯ ಚರಿತ್ರೆಯಲ್ಲಿ ಆಧಾರವಿಲ್ಲ.

ಕಾಲೇಜುಗಳ ಅಧ್ಯಾಪಕರು ಪ್ರತಿವರ್ಷವೂ ವಿದ್ಯಾರ್ಥಿಗಳನ್ನು ಈ ಸ್ಥಳಗಳಿಗೆ ಕರೆದೊಯ್ಯುತ್ತಾರೆ. ಸಾಮಾನ್ಯವಾಗಿ ಅರಮನೆ, ಗುಡಿ, ಉದ್ಯಾನ ಎಂಬ ಕ್ರಮದಲ್ಲಿ ದಿನ ಕಳೆಯುತ್ತದೆ. ಅದರ ಬದಲು ನೀರಿನ ದಾರಿಯನ್ನು ಅನುಸರಿಸಿದರೆ ಅದೇ ದಿನವು ಚರಿತ್ರೆಯ ಪಾಠವಾಗುವುದು: ಬೆಳಿಗ್ಗೆ ಕಟ್ಟೆಯ ಬಳಿಯ ಶಾಸನ, ಆಮೇಲೆ ರಂಗನತಿಟ್ಟಿನ ಒಡ್ಡು, ಬಂಗಾರದೊಡ್ಡಿ ನಾಲೆಯ ಮೇಲ್ಗಾಲುವೆ, ಮಧ್ಯಾಹ್ನ ನಾಲೆಯ ಬಯಲಿನ ಒಂದು ಹಳ್ಳಿ ಮತ್ತು ಆಲೆಮನೆ, ಸಂಜೆಗೆ ಉದ್ಯಾನ. ಹಳ್ಳಿಯಲ್ಲಿ ಹಿರಿಯರನ್ನು ಕೇಳಿ, ತಮ್ಮ ಬಾಲ್ಯದಲ್ಲಿ ಮನೆಮಂದಿಯೆಲ್ಲ ಯಾವ ಜಾತ್ರೆಗೆ, ಯಾವ ತಿಂಗಳಲ್ಲಿ, ಎಷ್ಟು ಗಾಡಿಗಳಲ್ಲಿ ಹೋಗುತ್ತಿದ್ದರೆಂಬುದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕು. ಮುಳುಗಡೆಯಾದ ಊರುಗಳಿಂದ ಬಂದ ಮನೆತನಗಳಲ್ಲಿ ಉಳಿದಿರುವ ನೆನಪುಗಳನ್ನೂ ಸಂಗ್ರಹಿಸಬೇಕು. ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋದುದನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರ ಮಾತನ್ನು ದಾಖಲಿಸುವ ಕಾರ್ಯವನ್ನು ಜಿಲ್ಲೆಯ ಕಾಲೇಜುಗಳು ತಾಲ್ಲೂಕುಗಳನ್ನು ಹಂಚಿಕೊಂಡು ಕೈಗೊಂಡರೆ, ಈ ಲೇಖನದಲ್ಲಿ ಕೇವಲ ಸೂಚಿಸಿರುವ ಅಂಶಗಳನ್ನು ಸ್ಥಾಪಿಸುವುದಕ್ಕೂ ತಿದ್ದುವುದಕ್ಕೂ ಬೇಕಾದ ಸಾಮಗ್ರಿ ದೊರೆಯುವುದು.